ಎದೆಯ ದನಿಗೆ ಕಿವಿಗೊಟ್ಟ ವೈದ್ಯನು: ರೆನೆ ಲೇನೆಕನ ಚರಿತ್ರೆ

ನಮ್ಮ ಶಾಲೆಯಲ್ಲಿ ಓದಿ ಹೋದ ಹೆಣ್ಣುಮಕ್ಕಳಲ್ಲಿ ಕೆಲವರು ದಾದಿಯರಾಗಿದ್ದಾರೆ, ಕೆಲವರು ವೈದ್ಯೆಯರಾಗಿದ್ದಾರೆ, ಬಹು ಮಂದಿ ತಾಯಂದಿರಾಗಿದ್ದಾರೆ. ಇವರೆಲ್ಲರೂ ಬಲ್ಲ ಸ್ಟೆತಾಸ್ಕೋಪನ್ನು ಮೊದಲು ನಿರ್ಮಿಸಿದವನ ಚರಿತ್ರೆಯನ್ನು ಈ ಸಂಚಿಕೆಯಲ್ಲಿ ಬರೆಯಲು ಮನಸ್ಸು ಮಾಡಿದೆವು. ಮಗುವಿನ ಎದೆಯಲ್ಲಿ ಕ್ಷಯರೋಗದಿಂದ ನೀರು ತುಂಬಿದರೆ ಅದನ್ನು ಅರಿಯುವ ವಿದ್ಯೆಗೆ ಈತನ ಋಣವು ದೊಡ್ಡದು.

ರೆನೆ ಲೇನೆಕನು 1781ರ ಫೆಬ್ರವರಿ 17ರಂದು ಫ್ರಾನ್ಸ್ ದೇಶದ ಬ್ರಿಟನಿ ಸೀಮೆಯ ಕೆಂಪೆರ್ ಎಂಬ ಊರಲ್ಲಿ ಹುಟ್ಟಿದನು. ಐದು ವರ್ಷದ ಬಾಲಕನಾಗಿದ್ದಾಗಲೇ ತಾಯಿಯು ತೀರಿಹೋದಳು. ಆಕೆಗಿದ್ದುದು ಕ್ಷಯವೆಂದೇ ಹೇಳುವರು. ತಂದೆಗೆ ಮಕ್ಕಳ ಪೋಷಣೆಯಲ್ಲಿ ಅಷ್ಟು ಆಸ್ಥೆಯಿರಲಿಲ್ಲ. ಆದುದರಿಂದ ಬಾಲಕನು 1788ರಲ್ಲಿ ನಾಂತ್ ನಗರದ ವೈದ್ಯನಾದ ಚಿಕ್ಕಪ್ಪನ ಆಶ್ರಯಕ್ಕೆ ಬಂದು, ಮಹಾಕ್ರಾಂತಿಯ ರಕ್ತಪಾತದ ನಡುವೆ ಅಲ್ಲಿಯೇ ವೈದ್ಯಶಾಸ್ತ್ರದ ಮೊದಲ ಪಾಠಗಳನ್ನು ಕಲಿತನು. 1801ರಲ್ಲಿ ಪ್ಯಾರಿಸಿಗೆ ಹೋಗಿ ಕಾರ್ವಿಸಾರ್ ಎಂಬ ಪ್ರಖ್ಯಾತ ವೈದ್ಯನ ಶಿಷ್ಯನಾಗಿ 1804ರಲ್ಲಿ ಪದವಿಯನ್ನು ಪಡೆದನು. ಕೃಶದೇಹಿ, ಕೊಳಲು ನುಡಿಸುವುದರಲ್ಲಿ ಪ್ರೀತಿಯುಳ್ಳವನು, ದೈವಭಕ್ತನು. 1810ರಲ್ಲಿ ಆತನ ತಮ್ಮನನ್ನೂ ಕ್ಷಯವೇ ಒಯ್ದಿತು. 1814ರಲ್ಲಿ ಯುದ್ಧದಿಂದ ಬಂದ ಬ್ರಿಟನಿಯ ಸೈನಿಕರಿಗೆ ಅವರ ತಾಯ್ನುಡಿಯನ್ನು ಬಲ್ಲ ವೈದ್ಯರು ದೊರೆಯುವಂತೆ ಮಾಡಿ ಉಪಚರಿಸಿದನೆಂಬುದು ನಮಗೆ ಬಹಳ ಮೆಚ್ಚಿಕೆಯಾದ ಸಂಗತಿ.

ಆ ಕಾಲದಲ್ಲಿ ಬದುಕಿರುವವನ ಎದೆಯೊಳಗೆ ಏನು ನಡೆಯುತ್ತಿದೆಯೆಂದು ತಿಳಿಯುವ ದಾರಿಗಳು ಬಲು ಕಡಿಮೆ. ವಿಯೆನ್ನಾದ ವೈದ್ಯನಾದ ಆವೆನ್‌ಬ್ರುಗ್ಗರನು ಬೆರಳಿನಿಂದ ಎದೆಯನ್ನು ತಟ್ಟಿ ಪರೀಕ್ಷಿಸುವ ಕ್ರಮವನ್ನು 1761ರಲ್ಲಿಯೇ ಪ್ರಕಟಿಸಿದ್ದನು. ಗಾಳಿಯಿರುವ ಕಡೆ ತಟ್ಟಿದರೆ ದನಿ ಗುಂಯ್ಗುಟ್ಟುವುದು; ನೀರು ನಿಂತ ಕಡೆ ಮಂಕಾಗುವುದು. ಈತನು ಅನ್ನಸತ್ರದಂತಹ ವಸತಿಗೃಹವನ್ನು ನಡೆಸುವವನ ಮಗನು. ತುಂಬಿದ ಪೀಪಾಯಿಯನ್ನೂ ಬರಿದಾದುದನ್ನೂ ತಟ್ಟಿ ತಿಳಿಯುವುದು ಇವನಿಗೆ ಹೊಸದಾಗಿರಲಾರದು. ಯಾರೂ ಲಕ್ಷ್ಯಕ್ಕೆ ತಾರದಿದ್ದ ಆ ಗ್ರಂಥವನ್ನು ಕಾರ್ವಿಸಾರನು 1808ರಲ್ಲಿ ಫ್ರೆಂಚಿಗೆ ತಂದನು.

1816ರಲ್ಲಿ ಲೇನೆಕನು ಪ್ಯಾರಿಸಿನ ನೆಕ್ಕೆರ್ ಆಸ್ಪತ್ರೆಗೆ ವೈದ್ಯನಾಗಿ ನೇಮಕಗೊಂಡನು. ಅದೇ ವರ್ಷ ಹೃದ್ರೋಗದ ಚಿಹ್ನೆಗಳಿದ್ದ ಯುವತಿಯೊಬ್ಬಳನ್ನು ಪರೀಕ್ಷಿಸಬೇಕಾಗಿ ಬಂತು. ಆಕೆಯು ಸ್ಥೂಲಕಾಯಳಾದುದರಿಂದ ತಟ್ಟಿ ನೋಡುವುದರಿಂದ ಪ್ರಯೋಜನವಾಗಲಿಲ್ಲ; ಎದೆಗೆ ಕಿವಿಯನ್ನಿಡುವುದು ಶಿಷ್ಟಾಚಾರಕ್ಕೆ ಒಪ್ಪುವಂತಿರಲಿಲ್ಲ. ಮರದ ತೊಲೆಯ ಒಂದು ತುದಿಯನ್ನು ಸೂಜಿಯಿಂದ ಗೀಚಿದರೆ ಇನ್ನೊಂದು ತುದಿಗೆ ಕಿವಿಯಿಟ್ಟವನಿಗೆ ಸ್ಪಷ್ಟವಾಗಿ ಕೇಳುವುದೆಂಬುದು ಆತನ ನೆನಪಿಗೆ ಬಂತು. ಕಾಗದದ ಹಾಳೆಗಳನ್ನು ಬಿಗಿಯಾಗಿ ಸುರುಳಿ ಸುತ್ತಿ, ಒಂದು ತುದಿಯನ್ನು ಆಕೆಯ ಎದೆಗೂ ಇನ್ನೊಂದನ್ನು ತನ್ನ ಕಿವಿಗೂ ಹಿಡಿದನು. ಹೃದಯದ ಬಡಿತವು ಹಿಂದೆಂದೂ ಕೇಳದಷ್ಟು ಸ್ಫುಟವಾಗಿ ಕೇಳಿಸಿತು. ಸ್ತ್ರೀಯ ಮಾನಕ್ಕೆ ಸಲ್ಲಿಸಿದ ಮರ್ಯಾದೆಯಿಂದ ವೈದ್ಯಶಾಸ್ತ್ರಕ್ಕೆ ಇಷ್ಟು ದೊಡ್ಡ ಲಾಭವಾಯಿತೆಂಬುದನ್ನು ನಮ್ಮ ಹುಡುಗಿಯರು ಗಮನಿಸಲಿ.

ಅನಂತರ ಸುಮಾರು 1 ಅಡಿ ಉದ್ದದ ಮರದ ಕೊಳವೆಗಳನ್ನು ಆತನೇ ಕಡೆದು ಮಾಡಿದನು. ರೋಗಿಗಳ ಎದೆಯಲ್ಲಿ ಕೇಳಿದ ದನಿಯನ್ನು ಬರೆದಿಡುವನು. ರೋಗಿಯು ಸತ್ತರೆ ದೇಹವನ್ನು ಛೇದಿಸಿ, ಕೇಳಿದುದಕ್ಕೂ ಕಂಡುದಕ್ಕೂ ತಾಳೆ ನೋಡುವನು. ಈ ಶ್ರಮದ ಫಲವು 1819ರಲ್ಲಿ ಎರಡು ಸಂಪುಟಗಳ ಗ್ರಂಥವಾಗಿ ಹೊರಬಿತ್ತು. ಶ್ವಾಸಕೋಶವನ್ನು ಪ್ಲೂರಾ ಎಂಬ ಎರಡು ಪದರದ ತೆಳುಪೊರೆಯು ಸುತ್ತಿರುವುದು. ಆ ಪದರಗಳ ನಡುವೆ ನೀರು ತುಂಬಿದರೆ ಅಲ್ಲಿ ಉಸಿರಿನ ದನಿ ಅಡಗುವುದು. ಆ ನೀರಿನ ಮೇಲಂಚಿನಲ್ಲಿ ರೋಗಿಯ ಮಾತು ಮೇಕೆಯ ಕೂಗಿನಂತೆ ನಡುಗಿ ಕೇಳುವುದು. ಇದನ್ನು ಗುರುತಿಸಿ ಹೆಸರಿಟ್ಟವನು ಲೇನೆಕನು.

ಇಂದಿಗೂ ಮಗುವಿನ ಪರೀಕ್ಷೆ ಹೀಗೆಯೇ ಮೊದಲಾಗುತ್ತದೆ. ಕ್ಷಯದಿಂದ ಎದೆಯಲ್ಲಿ ನೀರು ತುಂಬುವುದು ಎಳೆಗೂಸುಗಳಿಗಿಂತ ಶಾಲೆಗೆ ಹೋಗುವ ಮಕ್ಕಳಲ್ಲಿ, ವಿಶೇಷವಾಗಿ ಹದಿಹರೆಯದವರಲ್ಲಿ ಹೆಚ್ಚು. ಜ್ವರ, ಒಣಕೆಮ್ಮು, ಉಸಿರೆಳೆದಾಗ ಒಂದು ಪಕ್ಕದಲ್ಲಿ ಚುಚ್ಚುನೋವು, ಮೈ ಇಳಿಯುವುದು ಇದರ ಲಕ್ಷಣಗಳು. ತಟ್ಟಿ, ಕೇಳಿ ಸಂದೇಹ ಬಂದ ಮೇಲೆ ಎಕ್ಸ್‌ರೇ ಚಿತ್ರ ತೆಗೆಯುವರು. ಸೂಜಿಯಿಂದ ಸ್ವಲ್ಪ ನೀರನ್ನು ತೆಗೆದು ಪರೀಕ್ಷಿಸುವರು. ತೋಳಿನ ಚರ್ಮದಲ್ಲಿ ಟ್ಯುಬರ್ಕ್ಯುಲಿನ್ ಚುಚ್ಚಿ ನೋಡುವರು. ಆದರೆ ಕಾಕ್ ಎಂಬ ಪಂಡಿತನು 1882ರಲ್ಲಿ ತೋರಿಸಿಕೊಟ್ಟ ರೋಗಾಣುವು ಈ ನೀರಿನಲ್ಲಿ ಅತಿ ವಿರಳ. ಅದು ಕಾಣಲಿಲ್ಲವೆಂದ ಮಾತ್ರಕ್ಕೆ ಕ್ಷಯವಿಲ್ಲವೆನ್ನಲಾಗದು. ಮಕ್ಕಳಿಗೆ ಕೆಮ್ಮಿ ಕಫವನ್ನು ಕೊಡಲೂ ಬಾರದು. ಆದಕಾರಣ ವೈದ್ಯರು ಎಲ್ಲ ಚಿಹ್ನೆಗಳನ್ನೂ ಕೂಡಿಸಿ ನಿರ್ಣಯಿಸುವರು. ಮನೆಯಲ್ಲಿ ಯಾರಿಗಾದರೂ ಕ್ಷಯವಿದೆಯೇ ಎಂದು ಅವರು ಕೇಳುವ ಪ್ರಶ್ನೆಗೆ ಬಹಳ ಬೆಲೆಯುಂಟು. ಮಗಳ ಮದುವೆಗೆ ಅಡ್ಡಿಯಾದೀತೆಂದು ನಮ್ಮ ಮನೆಗಳಲ್ಲಿ ಇದನ್ನು ಮರೆಮಾಚುವ ವಾಡಿಕೆಯಿದೆ. ಅಜ್ಜನ ಕೆಮ್ಮನ್ನು ಮುಚ್ಚಿಟ್ಟರೆ ಮೊಮ್ಮಗಳ ಚಿಕಿತ್ಸೆ ತಿಂಗಳುಗಟ್ಟಲೆ ತಡವಾದೀತು.

ಲೇನೆಕನಿಗೂ ಒಂದು ಸಂಗತಿ ಕಾಣಲಿಲ್ಲ. ಸ್ತ್ರೀಯರ ಒಂದು ಧಾರ್ಮಿಕ ಮಂಡಲಿಗೆ ಆತನು ಹತ್ತು ವರ್ಷ ವೈದ್ಯನಾಗಿದ್ದನು. ಅಷ್ಟರಲ್ಲಿ ಕ್ಷಯದಿಂದ ಅಲ್ಲಿದ್ದವರೆಲ್ಲ ಸತ್ತು ಹೊಸಬರು ಬರುವುದು ಎರಡು ಮೂರು ಸಲ ನಡೆಯಿತು. ಮುಖ್ಯಸ್ಥೆ, ತೋಟ, ಅಡಿಗೆ ಮುಂತಾದ ಕೆಲಸಗಳವರು ಮಾತ್ರ ಬಹುಮಟ್ಟಿಗೆ ಉಳಿದರು. ಕಠಿನ ವ್ರತನಿಷ್ಠೆಯೂ ಮನೋದುಃಖವೂ ಕಾರಣವೆಂದು ಆತನು ಬಗೆದನು. ರೋಗವು ಒಬ್ಬರಿಂದೊಬ್ಬರಿಗೆ ಅಂಟುವುದೆಂದು ನಂಬಲಿಲ್ಲ. ಗಾಳಿಯ ಮೂಲಕ ಹರಡುವುದೆಂದು ಬಲ್ಲ ನಮಗೆ ಇದನ್ನು ಓದುವಾಗ ಎದೆ ಝಲ್ಲೆನ್ನುತ್ತದೆ. ಹುಡುಗಿಯರ ವಸತಿಗೃಹದ ಕಿಟಕಿಗಳನ್ನು ತೆರೆದಿಡಿರೆಂದು ನಾವು ಹಟ ಹಿಡಿಯುವುದನ್ನು ಹಳೆಯ ವಿದ್ಯಾರ್ಥಿನಿಯರು ಬಲ್ಲರು.

ಆತನ ಆರೋಗ್ಯವು ಎಂದೂ ಗಟ್ಟಿಯಾಗಿರಲಿಲ್ಲ. 1819ರಲ್ಲಿ ಬ್ರಿಟನಿಯ ಹಳ್ಳಿಮನೆಗೆ ಹೋಗಿ ವಿಶ್ರಮಿಸಿ, ಎರಡು ವರ್ಷಗಳ ತರುವಾಯ ಮರಳಿ, 1822ರಲ್ಲಿ ಕಾಲೇಜ್ ದ ಫ್ರಾನ್ಸಿನಲ್ಲಿ ಪ್ರಾಧ್ಯಾಪಕನಾದನು. 1824ರಲ್ಲಿ ವಿವಾಹವಾಯಿತು. 1826ರಲ್ಲಿ ಗ್ರಂಥದ ಎರಡನೆಯ ಆವೃತ್ತಿಯನ್ನು ಮುಗಿಸುವಷ್ಟರಲ್ಲಿ ಜ್ವರವೂ ಕೆಮ್ಮೂ ಹೆಚ್ಚಿದುವು. ವೈದ್ಯನೇ ಆಗಿದ್ದ ಮೇರಿಯಾದೆಕ್ ಎಂಬ ಬಂಧುವು ಅದೇ ಮರದ ಕೊಳವೆಯಿಂದ ಆತನ ಎದೆಯನ್ನು ಆಲಿಸಿದನು. ಕೇಳಿದ್ದು ಕ್ಷಯದ ದನಿ. ಊರಿಗೆ ಹಿಂದಿರುಗಿ ಅದೇ ವರ್ಷದ ಆಗಸ್ಟ್ 13ರಂದು, ತನ್ನ 45ನೆಯ ವಯಸ್ಸಿನಲ್ಲಿ, ಲೇನೆಕನು ದೇವರ ಪಾದವನ್ನು ಸೇರಿದನು. ತನ್ನ ಸ್ಟೆತಾಸ್ಕೋಪನ್ನು ಆತನು ಮರಣಶಾಸನದಲ್ಲಿ ಮೇರಿಯಾದೆಕನಿಗೆ ಬರೆದಿಟ್ಟಿದ್ದನು.