ಅಪ್ಪನ ಪಾಸ್‌ಪೋರ್ಟಿನ ಹಿಂದೆ ಹೋದ ಕಾನೂನು: ಟೋಬಿಯಾಸ್ ಆಸರ್ ಬದುಕು

ಒಂದು ದೇಶದ ಕೋರ್ಟು ಮಗುವೊಂದರ ರಕ್ಷಣೆಗೆ ಆದೇಶ ಬರೆಯುತ್ತೆ. ಮುಂದಿನ ವಾರ ಆ ಮಗು ಗಡಿ ದಾಟುತ್ತೆ. ಆ ಕಾಗದಕ್ಕೆ ಆಚೆ ಕಡೆ ಬೆಲೆ ಇದೆಯಾ? ಈ ಪ್ರಶ್ನೆಗೆ ಸರ್ಕಾರಗಳನ್ನೆಲ್ಲ ಒಂದೇ ಮೇಜಿಗೆ ಕರೆತಂದು ಉತ್ತರ ಹುಡುಕಿದವರು ನೆದರ್ಲೆಂಡ್ಸ್‌ನ ಟೋಬಿಯಾಸ್ ಆಸರ್. 1911ರ ನೊಬೆಲ್ ಶಾಂತಿ ಪ್ರಶಸ್ತಿಯಲ್ಲಿ ಅರ್ಧ ಪಾಲು ಅವರದ್ದು. ಯುದ್ಧ ನಿಲ್ಲಿಸಿದ್ದಕ್ಕಲ್ಲ, ಅದರ ಬಹುಪಾಲು ಮದುವೆ, ವಿಚ್ಛೇದನ, ಪೋಷಕತ್ವದಂಥ ಯಾರಿಗೂ ರೋಚಕ ಅನ್ನಿಸದ ಕಾಗದಪತ್ರದ ಕೆಲಸಕ್ಕೆ.

1838ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ, ವಕೀಲರೇ ತುಂಬಿದ್ದ ಯಹೂದಿ ಕುಟುಂಬದಲ್ಲಿ ಹುಟ್ಟಿದರು. 24ನೇ ವಯಸ್ಸಿಗೇ ಪ್ರೊಫೆಸರ್. 1869ರಲ್ಲಿ ಗೆಳೆಯರ ಜೊತೆ ಅಂತರರಾಷ್ಟ್ರೀಯ ಕಾನೂನಿಗೇ ಮೀಸಲಾದ ಪತ್ರಿಕೆ ಶುರು ಮಾಡಿದರು. 1873ರಲ್ಲಿ ಘೆಂಟ್‌ನಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಕಾನೂನು ಸಂಸ್ಥೆಯ ಸ್ಥಾಪಕರಲ್ಲೂ ಇದ್ದರು.

ಆಗ ಕೆಲವರು ಇಡೀ ಜಗತ್ತಿಗೆ ಒಂದೇ ಕಾನೂನು ಅಂತ ಕನಸು ಕಾಣ್ತಿದ್ದರು. ಆಸರ್‌ಗೆ ಅದರಲ್ಲಿ ನಂಬಿಕೆ ಇರಲಿಲ್ಲ. ಪ್ರತಿ ದೇಶದ ಕಾನೂನು ಹಾಗೇ ಇರಲಿ, ಯಾವ ಸಂದರ್ಭಕ್ಕೆ ಯಾರ ಕಾನೂನು ಅನ್ನೋದನ್ನಷ್ಟೇ ಒಪ್ಪಿಕೊಳ್ಳೋಣ ಅನ್ನುವುದು ಅವರ ಲೆಕ್ಕ. 1893ರಲ್ಲಿ ಹೇಗ್‌ನಲ್ಲಿ ಸಮ್ಮೇಳನ ಕರೆದಾಗ ಯುರೋಪಿನ 13 ದೇಶಗಳು ಬಂದವು. ಬ್ರಿಟನ್ ಬರಲೇ ಇಲ್ಲ.

1902ರಲ್ಲಿ ಅಪ್ರಾಪ್ತರ ಪೋಷಕತ್ವದ ಒಪ್ಪಂದ ಆಯಿತು. ಸೂತ್ರ ಸರಳ: ಮಗು ಯಾವ ದೇಶದ ಪ್ರಜೆಯೋ ಆ ದೇಶದ ಕಾನೂನು. ಅಂದಿನ ಕಾನೂನಲ್ಲಿ ಮಗುವಿಗೆ ಸಾಮಾನ್ಯವಾಗಿ ಸಿಗ್ತಿದ್ದದ್ದು ಅಪ್ಪನ ಪೌರತ್ವ. ಬಹುತೇಕ ಕಡೆ ಹೆಂಡತಿಯ ಪೌರತ್ವವೂ ಗಂಡನದ್ದೇ. ಹಾಗಾಗಿ ಮಗು ಎಲ್ಲಿ ಉಣ್ಣುತ್ತೆ, ಯಾವ ಭಾಷೆ ಮಾತಾಡುತ್ತೆ ಅನ್ನೋದಕ್ಕಿಂತ ಅಪ್ಪ ಯಾವ ರಾಜ್ಯದವನು ಅನ್ನೋದೇ ಮುಖ್ಯವಾಯಿತು. ಇದಕ್ಕೆ ಆಸರ್ ಒಬ್ಬರನ್ನೇ ದೂರಿ ಪ್ರಯೋಜನ ಇಲ್ಲ, ರಾಷ್ಟ್ರೀಯತೆ ಯುರೋಪಿನ ನೆತ್ತಿಗೇರಿದ್ದ ಕಾಲ ಅದು. ಆದರೆ ಒಪ್ಪಂದದ ಒಳಗಿನ ಬಿರುಕು ಅದೇ.

ಆಸರ್ 1913ರಲ್ಲಿ ತೀರಿಕೊಂಡರು. ಮುಂದಿನ ವರ್ಷವೇ ಆ ಮೇಜಿಗೆ ಕೂತಿದ್ದ ದೇಶಗಳು ಯುದ್ಧಕ್ಕಿಳಿದವು.

ಬಿರುಕು ಎಲ್ಲರಿಗೂ ಕಂಡಿದ್ದು 1958ರಲ್ಲಿ. ಸ್ವೀಡನ್‌ನಲ್ಲೇ ಬೆಳೆಯುತ್ತಿದ್ದ ಒಬ್ಬ ಹುಡುಗಿ, ತಾಯಿ ಸ್ವೀಡನ್‌ನವರು, ತೀರಿಕೊಂಡಿದ್ದರು. ತಂದೆ ಡಚ್ಚರು, ಹಾಗಾಗಿ ಹುಡುಗಿಯೂ ಡಚ್ ಪ್ರಜೆ. ಸ್ವೀಡನ್ ಅವಳನ್ನ ತನ್ನ ಮಕ್ಕಳ ರಕ್ಷಣಾ ಕಾನೂನಿನಡಿ ತಗೊಂಡಿತು. ನೆದರ್ಲೆಂಡ್ಸ್ ತಾನು ನೇಮಿಸಿದ ಪೋಷಕರಿಗೇ ಕೊಡಿ ಅಂತ 1902ರ ಒಪ್ಪಂದ ಹಿಡಿದು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ಸೋತಿತು. ಪೋಷಕತ್ವ ಬೇರೆ, ಮಗುವಿನ ರಕ್ಷಣೆಗೆ ಸಮಾಜ ಕೈಗೊಳ್ಳುವ ಕ್ರಮ ಬೇರೆ, ಒಪ್ಪಂದ ಎರಡನೆಯದನ್ನ ತಡೆಯಲ್ಲ ಅಂತ ಕೋರ್ಟು ಹೇಳಿತು. ಆಸರ್ ಹುಟ್ಟಿದ ನಾಡೇ ಆಸರ್ ಒಪ್ಪಂದ ಹಿಡಿದು ಸೋತಿದ್ದು ವಿಚಿತ್ರವೇ.

ಹೇಗ್ ಸಮ್ಮೇಳನ ಪಾಠ ಕಲಿಯಿತು. 1961ರಲ್ಲಿ ಹೊಸ ಒಪ್ಪಂದ, 1996ರಲ್ಲಿ ಇನ್ನೊಂದು. ಈಗ ಲೆಕ್ಕಕ್ಕೆ ಬರೋದು ಮುಖ್ಯವಾಗಿ ಮಗು ವಾಡಿಕೆಯಾಗಿ ವಾಸಿಸುವ ಜಾಗ. ಅಲ್ಲಿನ ಆದೇಶಕ್ಕೆ ಉಳಿದ ಸದಸ್ಯ ದೇಶಗಳಲ್ಲಿ ಬೇರೆ ಕೇಸು ಹಾಕದೆಯೇ ಮಾನ್ಯತೆ. ನಿರಾಕರಿಸೋಕೆ ಕೆಲವೇ ಕಾರಣ, ಮಗುವಿನ ಮಾತು ಕೇಳದೇ ಇದ್ದದ್ದೂ ಅದರಲ್ಲೊಂದು.

ಭಾರತ 2008ರಿಂದ ಹೇಗ್ ಸಮ್ಮೇಳನದ ಸದಸ್ಯ. ಆದರೂ 1996ರ ಒಪ್ಪಂದ ಸೇರಿಲ್ಲ. ವಿದೇಶಿ ಆದೇಶ ನಮ್ಮ ಕೋರ್ಟುಗಳಿಗೆ ಪರಿಗಣಿಸಬೇಕಾದ ಒಂದು ಅಂಶ ಮಾತ್ರ, ಮಗುವಿನ ಹಿತವೇ ಮೇಲು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಡಬ್ಲಿನ್‌ನಲ್ಲೋ ಮ್ಯೂನಿಕ್‌ನಲ್ಲೋ ಇರುವ ಕನ್ನಡದ ಕುಟುಂಬವೊಂದರ ಮಗು ಅಲ್ಲಿನ ಆದೇಶದಡಿ ಇದ್ದು ಬೆಂಗಳೂರಿಗೆ ಬಂದಿಳಿದರೆ, ವಿಚಾರಣೆ ಮತ್ತೆ ಮೊದಲಿಂದ.