ಶ್ರೀ ಬಿ.ಆರ್. ಪಂತುಲು (1910–1974)

ಕನ್ನಡ ಹಾಗೂ ತಮಿಳು ಚಿತ್ರರಂಗಗಳೆರಡರಲ್ಲಿಯೂ ನಟ, ನಿರ್ಮಾಪಕ ಮತ್ತು ನಿರ್ದೇಶಕರಾಗಿ ಸೇವೆ ಸಲ್ಲಿಸಿದ ಶ್ರೀ ಬಿ.ಆರ್. ಪಂತುಲು ರವರು 1910ರಲ್ಲಿ ಜನಿಸಿದರು. ಆರಂಭದಲ್ಲಿ ಶಾಲಾ ಉಪಾಧ್ಯಾಯರಾಗಿದ್ದು, ನಂತರ ರಂಗಭೂಮಿ ಸೇರಿ, 1936ರ ‘ಸಂಸಾರ ನೌಕೆ’ ಚಿತ್ರದಲ್ಲಿ ಅಭಿನಯಿಸಿದರು. ಮುಂದೆ ಪದ್ಮಿನಿ ಪಿಕ್ಚರ್ಸ್ ಸಂಸ್ಥೆಯ ಮೂಲಕ ಚಿತ್ರಗಳನ್ನು ನಿರ್ಮಿಸಿದರು.

1958ರಲ್ಲಿ ತೆರೆಕಂಡ ‘ಸ್ಕೂಲ್ ಮಾಸ್ಟರ್’ ಇವರ ಹೆಸರನ್ನು ಮನೆಮನೆಗೆ ತಲುಪಿಸಿತು. ನಿವೃತ್ತ ಉಪಾಧ್ಯಾಯ ಮತ್ತು ಆತನ ಪತ್ನಿಯನ್ನು ಮಕ್ಕಳು ಬೇರ್ಪಡಿಸಿ ಇರಿಸಿಕೊಳ್ಳುವ ಕಥೆಯದು. ಉಪಾಧ್ಯಾಯರಾಗಿ ಸ್ವತಃ ಪಂತುಲು ರವರು, ಪತ್ನಿಯಾಗಿ ಶ್ರೀಮತಿ ಎಂ.ವಿ. ರಾಜಮ್ಮನವರು ಅಭಿನಯಿಸಿದರು. ಇಳಿವಯಸ್ಸಿನ ಅಸಹಾಯಕತೆಯನ್ನು ಇಷ್ಟು ಸರಳವಾಗಿ ನಿರೂಪಿಸಿದ ಚಿತ್ರಗಳು ವಿರಳ.

ಇತಿಹಾಸದ ವಸ್ತುಗಳಲ್ಲಿ ಇವರಿಗೆ ವಿಶೇಷ ಒಲವು. ತಮಿಳಿನಲ್ಲಿ ‘ವೀರಪಾಂಡಿಯ ಕಟ್ಟಬೊಮ್ಮನ್’ (1959), ಕನ್ನಡದಲ್ಲಿ ಬಿ. ಸರೋಜಾದೇವಿಯವರ ‘ಕಿತ್ತೂರು ಚೆನ್ನಮ್ಮ’ (1961) ಜನಪ್ರಿಯವಾದವು. ಸ್ವಾತಂತ್ರ್ಯ ಹೋರಾಟಗಾರ ವಿ.ಓ. ಚಿದಂಬರಂ ಪಿಳ್ಳೆಯವರನ್ನು ಕುರಿತ ‘ಕಪ್ಪಲೋಟ್ಟಿಯ ತಮಿಳನ್’ (1961) ಮಾತ್ರ ಬಿಡುಗಡೆಯಾದಾಗ ನಷ್ಟವನ್ನುಂಟುಮಾಡಿತು. ಆದರೂ ಧೃತಿಗೆಡದೆ, 1964ರಲ್ಲಿ ‘ಕರ್ಣನ್’ ಚಿತ್ರವನ್ನು ಭಾರೀ ವೆಚ್ಚದಲ್ಲಿಯೇ ನಿರ್ಮಿಸಿದರು.

ಅದೇ ವರ್ಷದ ‘ಚಿನ್ನದ ಗೊಂಬೆ’ಯಲ್ಲಿ ಕುಮಾರಿ ಜಯಲಲಿತಾರಿಗೆ ನಾಯಕಿಯ ಪಾತ್ರ ನೀಡಿದರು. ಇಂತಹ ಚಿತ್ರಗಳ ನಡುವೆಯೇ ‘ಬೀಡಿ ಬಸವಣ್ಣ’ (1967) ನಂತಹ ಲಘು ಮನರಂಜನೆಯನ್ನೂ ಕೀಳೆಂದು ಭಾವಿಸಲಿಲ್ಲ. ಡಾ. ರಾಜ್‌ಕುಮಾರ್ ರವರ ‘ಶ್ರೀ ಕೃಷ್ಣದೇವರಾಯ’ (1970) ವರ್ಣಚಿತ್ರವನ್ನು ನಿರ್ದೇಶಿಸಿ, ಮಹಾಮಂತ್ರಿ ತಿಮ್ಮರಸರಾಗಿ ತಾವೇ ಅಭಿನಯಿಸಿದರು.

ಮುಂದೆ ಖ್ಯಾತರಾದ ನಿರ್ದೇಶಕ ಶ್ರೀ ಪುಟ್ಟಣ್ಣ ಕಣಗಾಲ್ ರವರು ಇವರ ಬಳಿ ಸಹಾಯಕರಾಗಿ ಪಳಗಿದವರು. ಪಂತುಲು ರವರು 1974ರಲ್ಲಿ ನಿಧನರಾದರು.