ಹ್ಯೂಗೊ ಗರ್ನ್ಸ್‌ಬ್ಯಾಕ್: ಓದುಗರನ್ನು ಒಗ್ಗೂಡಿಸಿದ ಸಂಪಾದಕ

ವಿಜ್ಞಾನ ಕಥಾಸಾಹಿತ್ಯಕ್ಕೆ ಸಲ್ಲುವ ಪುರಸ್ಕಾರಗಳಲ್ಲಿ ಹ್ಯೂಗೊ ಪ್ರಶಸ್ತಿಯ ಸ್ಥಾನ ಹಿರಿದು. ಅದನ್ನು ನಿರ್ಣಯಿಸುವವರು ವಿದ್ವಾಂಸರ ಸಮಿತಿಯವರಲ್ಲ. ವಿಶ್ವ ವಿಜ್ಞಾನ ಕಥಾ ಸಮ್ಮೇಳನಕ್ಕೆ ಸದಸ್ಯಶುಲ್ಕ ತೆತ್ತ ಸಾಮಾನ್ಯ ಓದುಗರು. ಆ ಪ್ರಶಸ್ತಿಗೆ ಹೆಸರಾದ ವ್ಯಕ್ತಿಯ ಬದುಕನ್ನು ಅರಿತರೆ, ಓದುಗರ ಕೈಗೆ ಈ ಅಧಿಕಾರ ಬಂದ ಬಗೆಯೂ ತಿಳಿಯುತ್ತದೆ.

ಹ್ಯೂಗೊ ಗರ್ನ್ಸ್‌ಬ್ಯಾಕ್ ಜನಿಸಿದ್ದು 1884ರ ಆಗಸ್ಟ್ 16ರಂದು, ಲಕ್ಸೆಂಬರ್ಗ್‌ನಲ್ಲಿ. ಬಾಲ್ಯದಲ್ಲಿಯೇ ವಿದ್ಯುತ್ ಉಪಕರಣಗಳಲ್ಲಿ ಆಸಕ್ತಿ ತಳೆದ ಅವರು 1904ರಲ್ಲಿ ಅಮೆರಿಕೆಗೆ ತೆರಳಿ, ನ್ಯೂಯಾರ್ಕ್‌ನಲ್ಲಿ ರೇಡಿಯೊ ಬಿಡಿಭಾಗಗಳನ್ನು ಅಂಚೆಯ ಮೂಲಕ ಮಾರುವ ವ್ಯಾಪಾರ ಆರಂಭಿಸಿದರು. 1908ರಲ್ಲಿ ‘ಮಾಡರ್ನ್ ಎಲೆಕ್ಟ್ರಿಕ್ಸ್’ ಪತ್ರಿಕೆ ಹೊರಬಂದಿತು. 1911ರಲ್ಲಿ ಅದರಲ್ಲಿಯೇ ತಮ್ಮ ಕಾದಂಬರಿಯೊಂದನ್ನು ಧಾರಾವಾಹಿಯಾಗಿ ಪ್ರಕಟಿಸತೊಡಗಿದರು. ಕಥೆಯ ನೆಪದಲ್ಲಿ ವಿಜ್ಞಾನವನ್ನು ಬೋಧಿಸಬೇಕೆಂಬುದು ಅವರ ಹಂಬಲವಾಗಿತ್ತು.

1926ರ ಏಪ್ರಿಲ್‌ನಲ್ಲಿ ಅವರು ಹೊರತಂದ ‘ಅಮೇಝಿಂಗ್ ಸ್ಟೋರೀಸ್’ ಸಂಪೂರ್ಣವಾಗಿ ವಿಜ್ಞಾನ ಕಥೆಗಳಿಗೇ ಮೀಸಲಾದ ಮೊದಲ ಇಂಗ್ಲಿಷ್ ಮಾಸಪತ್ರಿಕೆ. ಅದರ ಓದುಗರ ಅಂಕಣದಲ್ಲಿ ಪತ್ರ ಬರೆದವರ ವಿಳಾಸಗಳೂ ಅಚ್ಚಾಗುತ್ತಿದ್ದವು. ಈ ಚಿಕ್ಕ ಪದ್ಧತಿಯ ಫಲ ದೊಡ್ಡದಾಯಿತು. ದೂರದೂರದ ಊರುಗಳ ತರುಣರು ಪರಸ್ಪರ ಪತ್ರ ಬರೆದರು, ಸಂಘ ಕಟ್ಟಿದರು, ಕಥೆಗಳ ಗುಣದೋಷಗಳನ್ನು ಚರ್ಚಿಸಿದರು. 1929ರಲ್ಲಿ ಸಂಸ್ಥೆ ದಿವಾಳಿಯೆದ್ದು ಪತ್ರಿಕೆ ಕೈತಪ್ಪಿದರೂ ಗರ್ನ್ಸ್‌ಬ್ಯಾಕ್ ಎದೆಗುಂದದೆ ಹೊಸ ಪತ್ರಿಕೆಗಳನ್ನು ತೆರೆದರು; 1934ರಲ್ಲಿ ‘ಸೈನ್ಸ್ ಫಿಕ್ಷನ್ ಲೀಗ್’ ಎಂಬ ಓದುಗರ ಸಂಘವನ್ನೂ ಸ್ಥಾಪಿಸಿದರು.

ಅವರ ಕೀರ್ತಿಗೆ ಕಳಂಕವೂ ಉಂಟು. ಲೇಖಕರಿಗೆ ಸಂಭಾವನೆ ಕೊಡುವಲ್ಲಿ ಅವರ ಕೈ ಬಿಗಿಯಾಗಿತ್ತು. ತನ್ನ ಕಥೆಗೆ ಹಣ ಸಲ್ಲಲಿಲ್ಲವೆಂದು ಡೊನಾಲ್ಡ್ ವೊಲ್‌ಹೈಮ್ ಎಂಬ ತರುಣ ಅಭಿಮಾನಿ ಇತರ ಲೇಖಕರನ್ನೂ ಕೂಡಿಕೊಂಡು ಹೋರಾಡಿ ಹಣ ಪಡೆದನು. 1935ರಲ್ಲಿ ಸಂಘ ಅವನನ್ನು ಹೊರಹಾಕಿತು. ಆದರೆ ಒಮ್ಮೆ ದನಿ ಪಡೆದ ಓದುಗರು ಸಂಪಾದಕರ ಅಂಕೆಯಲ್ಲಿ ನಿಲ್ಲಲಿಲ್ಲ. 1939ರಲ್ಲಿ ಅಭಿಮಾನಿಗಳೇ ನ್ಯೂಯಾರ್ಕ್‌ನಲ್ಲಿ ಮೊದಲ ವಿಶ್ವ ಸಮ್ಮೇಳನ ನಡೆಸಿದರು.

ಹಳೆಯ ಮುನಿಸು ಕೃತಜ್ಞತೆಯನ್ನು ಅಳಿಸಲಿಲ್ಲ. 1952ರ ಷಿಕಾಗೊ ಸಮ್ಮೇಳನಕ್ಕೆ ಗರ್ನ್ಸ್‌ಬ್ಯಾಕ್ ಗೌರವ ಅತಿಥಿಯಾದರು. ಮರುವರ್ಷ ಫಿಲಡೆಲ್ಫಿಯಾದಲ್ಲಿ ಸದಸ್ಯರ ಮತದಿಂದ ಮೊದಲ ಪ್ರಶಸ್ತಿಗಳನ್ನು ನೀಡಲಾಯಿತು. ಅವು ‘ಹ್ಯೂಗೊ’ ಎಂದೇ ಪ್ರಸಿದ್ಧವಾದವು. ಕಾದಂಬರಿ ವಿಭಾಗದಲ್ಲಿ ಗೆದ್ದದ್ದು ಆಲ್ಫ್ರೆಡ್ ಬೆಸ್ಟರ್ ಅವರ ‘ದಿ ಡೆಮಾಲಿಷ್ಡ್ ಮ್ಯಾನ್’. ಪರಮನಸ್ಸನ್ನು ಓದಬಲ್ಲವರ ನಡುವೆ ನಡೆಯುವ ಕೊಲೆಯ ಕಥೆಯದು, ಯಂತ್ರವಿಜ್ಞಾನದ ಪಾಠವಲ್ಲ. ಪ್ರವರ್ತಕರ ಆಶಯ ಒಂದಾದರೆ ಓದುಗರ ಒಲವು ಮತ್ತೊಂದಾಗಿತ್ತು. 1960ರಲ್ಲಿ ಗರ್ನ್ಸ್‌ಬ್ಯಾಕ್ ಅವರಿಗೂ ವಿಶೇಷ ಹ್ಯೂಗೊ ಸಂದಿತು. 1967ರ ಆಗಸ್ಟ್ 19ರಂದು ಅವರು ನ್ಯೂಯಾರ್ಕ್‌ನಲ್ಲಿ ನಿಧನರಾದರು.

ಅವರ ತರುವಾಯ ಮತದಾನದ ಕ್ರಮ ಇನ್ನಷ್ಟು ಸೂಕ್ಷ್ಮವಾಯಿತು. ಈಗ ಸದಸ್ಯರು ಮೊದಲು ಕೃತಿಗಳನ್ನು ಸೂಚಿಸುತ್ತಾರೆ. ಅಂತಿಮ ಪಟ್ಟಿಯ ಕೃತಿಗಳಿಗೆ ತಮ್ಮ ಮೆಚ್ಚಿಕೆಯಂತೆ ಒಂದು, ಎರಡು, ಮೂರು ಎಂದು ಕ್ರಮಾಂಕ ಕೊಡುತ್ತಾರೆ. ಯಾವುದಕ್ಕೂ ಬಹುಮತವಿಲ್ಲದಿದ್ದರೆ ಕೊನೆಯ ಕೃತಿಯನ್ನು ಕೈಬಿಟ್ಟು, ಅದರ ಮತಗಳನ್ನು ಮತದಾರರ ಮುಂದಿನ ಆಯ್ಕೆಗೆ ಸೇರಿಸಲಾಗುತ್ತದೆ. ಯಾವುದೂ ಅರ್ಹವಲ್ಲ ಎನ್ನಲೂ ಅವಕಾಶವುಂಟು. 2015ರಲ್ಲಿ ಗುಂಪುಗಳು ಸಿದ್ಧಪಟ್ಟಿ ಹಂಚಿ ನಾಮನಿರ್ದೇಶನಗಳನ್ನು ಆಕ್ರಮಿಸಿದಾಗ, ಮತದಾರರು ಐದು ವಿಭಾಗಗಳಲ್ಲಿ ಪ್ರಶಸ್ತಿಯನ್ನೇ ತಡೆಹಿಡಿದರು. 2017ರಿಂದ ಒಬ್ಬ ಸದಸ್ಯನ ಸೂಚನೆಯ ಬಲವನ್ನು ಆತ ಸೂಚಿಸಿದ, ಕಣದಲ್ಲುಳಿದ ಕೃತಿಗಳಿಗೆ ಹಂಚಿ ಎಣಿಸುವ ನಿಯಮ ಬಂದಿತು. ಸಿದ್ಧಪಟ್ಟಿಗಳ ಪ್ರಾಬಲ್ಯ ಕುಗ್ಗಿತು.

ಗರ್ನ್ಸ್‌ಬ್ಯಾಕ್ ಶ್ರೇಷ್ಠ ಕಥೆಗಾರರೆನಿಸಲಿಲ್ಲ. ಉದಾರ ಸಂಪಾದಕರೂ ಅಲ್ಲ. ಆದರೂ ಓದುಗನ ಹೆಸರಿನೊಡನೆ ಅವನ ವಿಳಾಸವನ್ನೂ ಅಚ್ಚುಹಾಕಿ, ಚದುರಿದ್ದವರನ್ನು ಸಮುದಾಯವಾಗಿಸಿದರು. ಆ ಸಮುದಾಯ ಅವರನ್ನು ಪ್ರಶ್ನಿಸಿತು, ಅವರ ರುಚಿಯನ್ನು ದಾಟಿ ಬೆಳೆಯಿತು; ಕೊನೆಗೆ ತನ್ನ ಅತ್ಯುನ್ನತ ಗೌರವಕ್ಕೆ ಅವರ ಹೆಸರನ್ನೇ ಉಳಿಸಿಕೊಂಡಿತು.